ತಂಡಕ್ಕೆ ಯಾವ ಪ್ರಾಜೆಕ್ಟ್? ಪಾಯಿಂಟ್ ನೋಡಿ ಆರಿಸಬೇಡಿ

ಪ್ರಶ್ನೆ: ಗೆಳೆಯರೆಲ್ಲ ಸೇರಿ, ವಿಜ್ಞಾನಿಗಳ ಪ್ರಾಜೆಕ್ಟ್‌ಗಳಿಗೆ ನಮ್ಮ ಕಂಪ್ಯೂಟರಿನ ಬಿಡುವಿನ ಶಕ್ತಿ ಕೊಡುವ ಸಾಫ್ಟ್‌ವೇರ್ ಆದ ಬೋಯಿಂಕ್‌ನಲ್ಲಿ ಒಂದು ತಂಡ ಕಟ್ಟಿದ್ದೇವೆ. ಹನ್ನೆರಡು ಕಂಪ್ಯೂಟರ್ ಇವೆ. ಪಾಯಿಂಟ್ ಜಾಸ್ತಿ ಸಿಗುವ ಪ್ರಾಜೆಕ್ಟ್ ಯಾವುದು ಸರ್?

ಉತ್ತರ: ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಚುಟುಕಾಗಿ ಹೇಳಿಬಿಡುತ್ತೇನೆ. ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಆಕಾಶದ ಡೇಟಾ ಜಾಲಾಡುವ ಐನ್‌ಸ್ಟೈನ್ ಅಟ್ ಹೋಮ್ ಹಾಕಿ. ಬೋಯಿಂಕ್ ಬಿಟ್ಟು ಹೊರಗೆ ಬರುವುದಾದರೆ ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್. ಬರೀ ಪ್ರೊಸೆಸರ್ ಇರುವ ಹಳೆಯ ಮಷಿನ್ ಆದರೆ ಪ್ರೋಟೀನಿನ ಆಕಾರ ಲೆಕ್ಕ ಹಾಕುವ ರೊಸೆಟ್ಟಾ. ಸಂಜೆ ಎರಡು ಗಂಟೆ ಮಾತ್ರ ಆನ್ ಆಗುವ ಲ್ಯಾಪ್‌ಟಾಪ್‌ಗೆ ಹವಾಮಾನದ ಪ್ರಾಜೆಕ್ಟ್ ಬೇಡ, ಅದರ ಒಂದೊಂದು ಟಾಸ್ಕ್ (ಒಂದು ಸಲಕ್ಕೆ ಕೊಡುವ ಲೆಕ್ಕದ ತುಣುಕು) ದಿನಗಟ್ಟಲೆ ಓಡುತ್ತದೆ. ಆಯ್ತಾ?

ಈಗ ಪಾಯಿಂಟ್ ವಿಷಯ. "ಪಾಯಿಂಟ್ ಜಾಸ್ತಿ ಅಂದರೆ ವಿಜ್ಞಾನಕ್ಕೆ ಸಹಾಯ ಜಾಸ್ತಿ" ಎಂಬ ನಂಬಿಕೆ ಸುಲಭಕ್ಕೆ ಸಾಯುವುದಿಲ್ಲ. ಕಾಗದದ ಮೇಲೆ ಬೋಯಿಂಕ್‌ಗೆ ಒಂದು ನಿಯಮ ಇದೆ. ಸೆಕೆಂಡಿಗೆ 100 ಕೋಟಿ ಲೆಕ್ಕ ಮಾಡುವ ಮಷಿನ್ ಇಡೀ ದಿನ ದುಡಿದರೆ 200 ಕ್ರೆಡಿಟ್ (ಪಾಯಿಂಟಿಗೆ ಅಲ್ಲಿನ ಹೆಸರು). ಆದರೆ ಕ್ರೆಡಿಟ್ ಹಂಚುವವರು ಆಯಾ ಪ್ರಾಜೆಕ್ಟಿನವರು. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಧಾರಾಳ. ಒಬ್ಬ ರಾಗಿಯನ್ನು ಸೇರಿನಲ್ಲಿ ಅಳೆದ, ಇನ್ನೊಬ್ಬ ತೆಂಗಿನಕಾಯಿ ಎಣಿಸಿದ. ಯಾರ ಬೆಳೆ ಜಾಸ್ತಿ ಅಂತ ಹೇಗೆ ಹೇಳ್ತೀರಿ?

ಬಿಟ್‌ಕಾಯಿನ್ ಯುಟೋಪಿಯಾ ಅಂತ ಒಂದು ಪ್ರಾಜೆಕ್ಟ್ ಇತ್ತು. ಬಿಟ್‌ಕಾಯಿನ್ ಅಗೆಯಲೆಂದೇ ಮಾಡಿದ, ಬೇರೆ ಯಾವ ಕೆಲಸಕ್ಕೂ ಬಾರದ ಚಿಪ್ ಸಿಕ್ಕಿಸಿದರೆ ಅಲ್ಲಿ ಕ್ರೆಡಿಟ್ ಮಳೆ. ವರ್ಷಗಟ್ಟಲೆ ಪ್ರೋಟೀನ್ ಮಡಚಿದವರು ಪಟ್ಟಿಯಲ್ಲಿ ಕೆಳಗೆ ಜಾರಿದರು. ಅಷ್ಟಕ್ಕೆ ಅವರ ದುಡಿಮೆ ಕಡಿಮೆ ಆಯ್ತಾ?

ಫೋಲ್ಡಿಂಗ್‌ನಲ್ಲಿ ಬೇಗ ಮುಗಿಸಿದವರಿಗೆ ಬೋನಸ್ ಇದೆ. ಕಾರಣವೂ ಇದೆ. ನೀವು ವಾಪಸ್ ಕಳಿಸಿದ ಫಲಿತಾಂಶದಿಂದಲೇ ಮುಂದಿನ ಟಾಸ್ಕ್ ಹುಟ್ಟುತ್ತದೆ, ತಡ ಮಾಡಿದರೆ ಆ ಸರಪಳಿ ಅಲ್ಲೇ ನಿಲ್ಲುತ್ತದೆ. ಅಂದರೆ ಅಲ್ಲಿನ ಪಾಯಿಂಟ್ ಒಂದು ಆಮಿಷ. ಆ ಅಂಕಿಯನ್ನು ತಂದು ಬೋಯಿಂಕ್ ಕ್ರೆಡಿಟ್ ಪಕ್ಕ ಇಟ್ಟು ಹೋಲಿಸುವವರಿಗೆ ಏನು ಹೇಳಲಿ?

2010ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಒಂದು ಹೊಸ ಪಲ್ಸರ್ (ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರ) ಕಂಡುಹಿಡಿಯಿತು. ಅರೆಸಿಬೋ ದೂರದರ್ಶಕದ ಡೇಟಾ. ಅದು ಸಿಕ್ಕಿದ್ದು ಅಮೆರಿಕದ ಐಯೋವಾದ ಒಂದು ದಂಪತಿಯ ಕಂಪ್ಯೂಟರ್‌ನಲ್ಲಿ ಮತ್ತು ಜರ್ಮನಿಯ ಮೈಂಜ್‌ನ ಒಬ್ಬರ ಕಂಪ್ಯೂಟರ್‌ನಲ್ಲಿ. ಒಂದೇ ತುಣುಕನ್ನು ಇಬ್ಬರಿಗೆ ಕೊಟ್ಟು ತಾಳೆ ನೋಡುವುದು ಇಲ್ಲಿನ ಪದ್ಧತಿ. ಲೆಕ್ಕ ತಾಳೆಯಾದರೆ ಕ್ರೆಡಿಟ್. ಒಳಗೆ ಪಲ್ಸರ್ ಇದೆಯಾ, ಬರೀ ಗದ್ದಲವಾ ಅಂತ ನೋಡಿ ಕೊಡುವುದಲ್ಲ.

ಇನ್ನೊಂದು ಮಾತು. ತಂಡ ಅಂದರೆ ನಿಮ್ಮ ಹನ್ನೆರಡು ಮಷಿನ್ ಕೂಡಿ ಒಂದೇ ಕೆಲಸ ಹಂಚಿಕೊಳ್ಳುವುದಿಲ್ಲ. ಪ್ರತಿ ಮಷಿನ್ ತನ್ನ ಟಾಸ್ಕ್ ತಾನು ತರುತ್ತದೆ. ತಂಡ ಪಟ್ಟಿಯಲ್ಲಿರುವ ಒಂದು ಹೆಸರು ಅಷ್ಟೇ. ಹಾಗಾಗಿ ನಾಲ್ವರು ಒಂದು ಪ್ರಾಜೆಕ್ಟ್, ಉಳಿದವರು ಇನ್ನೊಂದು ಮಾಡಿದರೂ ನಷ್ಟ ಇಲ್ಲ. ಆದರೆ ಆರಿಸಿದ್ದು ಬದುಕಿದೆಯಾ ನೋಡಿ. ಅನ್ಯಲೋಕದ ಜೀವಿಗಳ ಸಂಕೇತ ಹುಡುಕುತ್ತಿದ್ದ ಸೆಟಿ ಅಟ್ ಹೋಮ್ 2020ರ ಮಾರ್ಚ್ 31ಕ್ಕೆ ಕೆಲಸ ಹಂಚುವುದನ್ನೇ ನಿಲ್ಲಿಸಿತು. ಇವತ್ತಿಗೂ ಅದಕ್ಕೆ ತಂಡ ಕಟ್ಟುತ್ತೇವೆ ಅನ್ನುವವರಿದ್ದಾರೆ!

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಾಯಿಂಟ್ ಹುಚ್ಚು ಹತ್ತಿದವರ ಕಣ್ಣು ಮುಂದೆ ಬೀಳುವುದು ಆಫೀಸಿನ, ಕಾಲೇಜಿನ ಕಂಪ್ಯೂಟರ್‌ಗಳ ಮೇಲೆ. ಅಮೆರಿಕದ ಜಾರ್ಜಿಯಾದಲ್ಲಿ ಒಬ್ಬ ಕಂಪ್ಯೂಟರ್ ನಿರ್ವಾಹಕ ತಾನು ನೋಡಿಕೊಳ್ಳುತ್ತಿದ್ದ ಕಾಲೇಜಿನ ಮಷಿನ್‌ಗಳಲ್ಲಿ ಗೂಢಲಿಪಿ ಮುರಿಯುವ ಇಂಥದ್ದೇ ಪ್ರೋಗ್ರಾಂ ಹಾಕಿದ. ಕ್ರಿಮಿನಲ್ ಕೇಸ್ ಬಿತ್ತು. 2002ರಲ್ಲಿ ರಾಜಿಯಾಗಿ ಒಂದು ವರ್ಷ ಪ್ರೊಬೇಷನ್, 2,100 ಡಾಲರ್ ಪರಿಹಾರ, ಮೇಲೆ 80 ಗಂಟೆ ಸಮುದಾಯ ಸೇವೆ. ಕರೆಂಟಿನ ಲೆಕ್ಕವನ್ನೂ ಮರೆಯಬೇಡಿ. ಕೆಲಸ ಮಾಡುವಾಗ ಒಂದು ಮಷಿನ್ 100 ವಾಟ್ ಜಾಸ್ತಿ ಎಳೆದರೆ, ಹಗಲೂ ರಾತ್ರಿ ಓಡಿಸಿದಾಗ ತಿಂಗಳಿಗೆ 72 ಯೂನಿಟ್. ಐವತ್ತು ಮಷಿನ್‌ಗೆ 3,600 ಯೂನಿಟ್. ಬಿಲ್ ಕಟ್ಟುವವರು ಬೇರೆ, ಅಲ್ವಾ?

"ಲ್ಯಾಬ್‌ನಲ್ಲಿ ಐವತ್ತು ಮಷಿನ್ ಸುಮ್ನೆ ಬಿದ್ದಿವೆ ಸರ್" ಅಂತ ಬರೆಯುವವರು ಮೊದಲು ಪ್ರಿನ್ಸಿಪಾಲರ ಸಹಿ ತನ್ನಿ.