ಪಂಪ್ ಎಂದು ಹುಡುಕಿದರೆ ಪಾಂಡಾಸ್‌ನಲ್ಲಿ ಏನು ಸಿಗುತ್ತದೆ?

ಡೇಟಾ ಕೆಲಸಕ್ಕೆ ಬರುವ ಹೊಸಬರಲ್ಲಿ ಹೆಚ್ಚಿನವರು ಚುರುಕು. ಆದರೂ ಕೋಡ್ ರಿವ್ಯೂನಲ್ಲಿ ಒಂದೇ ಕಾರಣಕ್ಕೆ ಪದೇ ಪದೇ ನನ್ನ ತಾಳ್ಮೆ ಕೆಡುತ್ತದೆ. ಪಾಂಡಾಸ್‌ನಂಥ ಲೈಬ್ರರಿಯಲ್ಲಿ (ಪೈಥಾನ್‌ನಲ್ಲಿ ಟೇಬಲ್ ಕೆಲಸಕ್ಕಿರುವ ಸಿದ್ಧ ಕೋಡಿನ ಸಂಗ್ರಹ ಅದು) ಆಗಲೇ ಇರುವ ಫಂಕ್ಷನ್ನನ್ನು ಕೂತು ಮತ್ತೆ ಬರೆದು ತರುತ್ತಾರೆ. ಕೇಳಿದರೆ ‘ಹುಡುಕಿದೆ ಸರ್, ಸಿಗಲಿಲ್ಲ’. ಹುಡುಕಿರುವುದು ನಿಜ, ಆದರೆ ತಮ್ಮ ಪ್ರಾಜೆಕ್ಟಿನ ಮಾತಿನಲ್ಲಿ.

ಒಬ್ಬ ಹುಡುಗಿ ಪಂಪ್‌ಸೆಟ್‌ಗಳ ಡೇಟಾ ತಂದಿದ್ದಳು. ಒಂದು ಟೇಬಲ್ಲಿನಲ್ಲಿ ಮೋಟರ್ ಆನ್ ಆದ ಹೊತ್ತು, ಇನ್ನೊಂದರಲ್ಲಿ ವೋಲ್ಟೇಜ್ ರೀಡಿಂಗ್. ಎರಡರ ಸಮಯ ತಾಳೆಯಾಗುವುದಿಲ್ಲ. ಪ್ರತಿ ಆನ್‌ಗೂ ಅದರ ಹಿಂದಿನ ರೀಡಿಂಗ್ ಜೋಡಿಸಬೇಕು. ಲೂಪಿನೊಳಗೆ ಲೂಪ್ ಹಾಕಿ ಬರೆದಿದ್ದಳು, ಉತ್ತರವೂ ಸರಿಯಿತ್ತು, ಓಡಲು ಮಾತ್ರ ಯುಗ ಹಿಡಿಯುತ್ತಿತ್ತು. ಅವಳು ಹುಡುಕಿದ್ದು ‘ಪಂಪ್ ವೋಲ್ಟೇಜ್ ಮ್ಯಾಚಿಂಗ್’ ಅಂತ! ಪಾಂಡಾಸ್‌ನಲ್ಲಿ ಇದೇ ಕೆಲಸಕ್ಕೆ ‘ಮರ್ಜ್_ಆಸಾಫ್’ ಇದೆ, 2016ರ 0.19 ಆವೃತ್ತಿಯಿಂದಲೂ. ಡಾಕ್ಯುಮೆಂಟೇಶನ್ನಿನ ಉದಾಹರಣೆ ಷೇರುಪೇಟೆಯದು: ಪ್ರತಿ ವಹಿವಾಟಿಗೂ ಅದರ ಹಿಂದಿನ ಕೊನೆಯ ಕೋಟ್ (ಹೇಳಿದ್ದ ಬೆಲೆ) ಜೋಡಿಸುವುದು. ಷೇರು ತೆಗೆದು ಪಂಪ್ ಇಟ್ಟರೂ ಲೆಕ್ಕ ಅದೇ.

ನಾನು ಹೇಳಿ ಹೇಳಿ ಸಾಕಾದ ಮಾತು ಇದು. ಹುಡುಕುವ ಮೊದಲು ನಿಮ್ಮ ಪಂಪು, ಗಿರಾಕಿ, ಹಾಜರಿ ಎಲ್ಲವನ್ನೂ ವಾಕ್ಯದಿಂದ ಹೊಡೆದುಹಾಕಿ. ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರಬೇಕು, ಅಷ್ಟನ್ನೇ ಬರೆಯಿರಿ: ‘ಎರಡು ಟೇಬಲ್, ಸಮಯ ಸರಿಹೊಂದದಿದ್ದರೆ ಹಿಂದಿನದಕ್ಕೆ ಜೋಡಿಸು’. ಹ್ಯಾಸ್ಕೆಲ್ ಭಾಷೆಯವರಿಗೆ ಹೂಗಲ್ ಎಂಬ ಹುಡುಕಾಟದ ಸಾಧನ ಇದೆ, ಒಳಗೆ ಹೋಗುವ, ಹೊರಗೆ ಬರುವ ಡೇಟಾದ ಬಗೆ (ಟೈಪ್) ಕೊಟ್ಟರೆ ಫಂಕ್ಷನ್ ಹುಡುಕಿಕೊಡುತ್ತದೆ. ಸ್ಮಾಲ್‌ಟಾಕ್ ಭಾಷೆಯ ಮೆಥಡ್ ಫೈಂಡರ್‌ಗೆ ಇನ್‌ಪುಟ್ಟು, ಬೇಕಾದ ಉತ್ತರ ಎರಡನ್ನೂ ಕೊಟ್ಟರೆ ಸಾಕು. ಪೈಥಾನ್‌ನವರು ಆ ಕೆಲಸವನ್ನು ಕಾಗದದ ಮೇಲೆ ಮಾಡಿಕೊಳ್ಳಬೇಕು. ಆಮೇಲೆ ಹತ್ತಿರದ ಫಂಕ್ಷನ್ನಿನ ಪುಟ ತೆರೆದು ‘ಸೀ ಆಲ್ಸೋ’ ಪಟ್ಟಿ ಓದಿ. ಟೇಬಲ್‌ಗಳನ್ನು ಜೋಡಿಸುವ ಸಾಮಾನ್ಯ ಫಂಕ್ಷನ್ ‘ಮರ್ಜ್’ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಪುಟದಲ್ಲೇ ‘ಮರ್ಜ್_ಆಸಾಫ್’ ಹೆಸರಿದೆ.

ಹೆಸರು ಸಿಕ್ಕ ಕೂಡಲೇ ನಂಬಬೇಡಿ ಎಂದೂ ಹೇಳಬೇಕು. ಕೆಎ09ಎ1234 ಎಂಬ ಗಾಡಿ ನಂಬರಿನಿಂದ ಕೆಎ09 ತೆಗೆಯಲು ಹಲವರು ಪೈಥಾನ್‌ನ ‘ಎಲ್‌ಸ್ಟ್ರಿಪ್’ ಬಳಸುತ್ತಾರೆ. ಅದು ಕೊಟ್ಟ ಅಕ್ಷರಗಳಲ್ಲಿ ಯಾವುದು ಎಡಗಡೆ ಸಿಕ್ಕರೂ ಕಿತ್ತುಹಾಕುತ್ತದೆ, ಹಾಗಾಗಿ ಸೀರೀಸಿನ ‘ಎ’ ಕೂಡ ಹೋಗಿ ಬರೀ 1234 ಉಳಿಯುತ್ತದೆ. ಬೇಕಿದ್ದದ್ದು ‘ರಿಮೂವ್‌ಪ್ರಿಫಿಕ್ಸ್’, 2020ರ ಪೈಥಾನ್ 3.9ರಲ್ಲಿ ಬಂದದ್ದು.

‘ಮರ್ಜ್_ಆಸಾಫ್’ಗೂ ತನ್ನದೇ ಕಟ್ಟುಪಾಡುಗಳಿವೆ. ಎರಡೂ ಟೇಬಲ್ ಸಮಯದ ಪ್ರಕಾರ ಸಾರ್ಟ್ ಆಗಿರಬೇಕು. ಅದರ ‘ಬೈ’ ಎಂಬ ಆಯ್ಕೆಗೆ ಪಂಪಿನ ಐಡಿ ಕೊಡದಿದ್ದರೆ ಒಬ್ಬರ ಪಂಪಿಗೆ ಇನ್ನೊಬ್ಬರ ಮೀಟರ್ ಅಂಟಿಕೊಳ್ಳುತ್ತದೆ. ‘ಟಾಲರೆನ್ಸ್’ (ಎಷ್ಟು ಹಳೆಯದನ್ನು ಒಪ್ಪಬಹುದೆಂಬ ಮಿತಿ) ಕೊಡದಿದ್ದರೆ, ಮೀಟರ್ ಕೆಟ್ಟು ಮೂರು ದಿನವಾಗಿದ್ದರೂ ಆ ಹಳೆಯ ರೀಡಿಂಗನ್ನೇ ಸದ್ದಿಲ್ಲದೆ ತಂದು ಕೂರಿಸುತ್ತದೆ. ಅವಳು ಐದು ನಿಮಿಷದ ಮಿತಿ ಹಾಕಿದಳು. ಕೆಲವು ಸಾಲುಗಳು ಖಾಲಿ ಬಂದವು, ಯಾವ ಮೀಟರ್‌ಗಳನ್ನು ಹೋಗಿ ನೋಡಬೇಕೆಂಬ ಪಟ್ಟಿಯೂ ಅದರಿಂದಲೇ ಸಿಕ್ಕಿತು.