ಮೋಡ ಬಂದಾಗ ಎಲೆ ಕೊಡೆ ಮಡಚುವುದು ತಡ

ಮಳೆಗಾಲದ ಆಟಿ ತಿಂಗಳಲ್ಲಿ ಉಡುಪಿ ಜಿಲ್ಲೆಯ ಬ್ರಹ್ಮಾವರದ ಕಡೆ ಯಾವುದಾದರೂ ಗದ್ದೆಯ ಹುಣಿ ಮೇಲೆ ಹತ್ತು ನಿಮಿಷ ನಿಂತು ನೋಡಿ. ಮಳೆ ನಿಲ್ಲುತ್ತದೆ, ಮೋಡ ಸರಿದು ಬಿಸಿಲು ಚುರುಕ್ ಅನ್ನುತ್ತದೆ, ಪೈರು ಹೊಳೆಯುತ್ತದೆ, ಅಷ್ಟರಲ್ಲಿ ಮತ್ತೆ ಕತ್ತಲು. ಹೀಗೆ ಬಂದು ಹೋಗುವ ಬೆಳಕಿನಲ್ಲೇ ನಮ್ಮ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಅಡುಗೆ ಮಾಡಿಕೊಳ್ಳಬೇಕು. "ಜೀನ್ ಬದಲಿಸಿದರೆ ಇಳುವರಿ ಶೇ. 40 ಜಾಸ್ತಿ" ಅನ್ನುವ ಸುದ್ದಿ ಆಗಾಗ ವಾಟ್ಸಾಪಿನಲ್ಲಿ ಬರುತ್ತದೆ ಅಲ್ವಾ, ಅದರ ಹಿಂದೆ ಇರುವುದು ಎಲೆಯ ಈ ಅಡುಗೆಯ ಕಥೆಯೇ.

ಎಲೆ ಗಾಳಿಯ ಇಂಗಾಲವನ್ನು ಸಕ್ಕರೆ ಮಾಡುವ ದಾರಿಯನ್ನು 1950ರ ದಶಕದಲ್ಲಿ ವಿಜ್ಞಾನಿ ಕ್ಯಾಲ್ವಿನ್ ಅವರ ತಂಡ ಬಿಡಿಸಿತು, 1961ರಲ್ಲಿ ಕ್ಯಾಲ್ವಿನ್ ಅವರಿಗೆ ನೊಬೆಲ್ ಬಂತು. 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನಲ್ಲಿ ಇನ್ನೊಂದು ಚುರುಕಿನ ದಾರಿ ವಿವರಿಸಿದರು. ಅದೇ ವರ್ಷ ಐಆರ್8 ಭತ್ತ ಬಂತು. ಗಿಡ ಗಿಡ್ಡವಾಯಿತು, ಹುಲ್ಲಿಗೆ ಹೋಗುತ್ತಿದ್ದದ್ದು ತೆನೆಗೆ ಹೋಯಿತು. ಆದರೆ ಎಲೆ ಬೆಳಕನ್ನು ಬಳಸುವ ರೀತಿ ಹೆಚ್ಚುಕಮ್ಮಿ ಹಳೆಯದೇ ಉಳಿಯಿತು. ಲೆಕ್ಕದ ಪ್ರಕಾರ ಭತ್ತದಂಥ ಗಿಡ ಬಿಸಿಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಶೇ. 4.6ರಷ್ಟನ್ನು ಹಿಡಿದಿಡಬಹುದು. ಗದ್ದೆಯಲ್ಲಿ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ.

ಮೊದಲು ಎಲ್ಲರ ಕಣ್ಣು ಬಿದ್ದದ್ದು ರುಬಿಸ್ಕೊ ಅನ್ನುವ ಕಿಣ್ವದ ಮೇಲೆ. ಇಂಗಾಲ ಹಿಡಿಯುವುದು ಇದೇ, ಆದರೆ ತುಂಬಾ ನಿಧಾನ, ಸಾಲದ್ದಕ್ಕೆ ಆಗಾಗ ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಇದನ್ನು ತಿದ್ದುವುದು ಸುಲಭವಲ್ಲ. ಅದರ ದೊಡ್ಡ ತುಂಡಿನ ಜೀನ್ ಎಲೆಯ ಹಸಿರು ಕಣವಾದ ಹರಿದ್ರೇಣುವಿನೊಳಗೆ, ಚಿಕ್ಕ ತುಂಡಿನದ್ದು ಜೀವಕೋಶದ ಕೇಂದ್ರದಲ್ಲಿ. ಒಂದನ್ನು ಮುಟ್ಟಿದರೆ ಇನ್ನೊಂದು ಹೊಂದಬೇಕು. ಭತ್ತಕ್ಕೆ ಕಬ್ಬಿನ ದಾರಿ ಕಲಿಸುವ ದೊಡ್ಡ ಯೋಜನೆಯೂ 2008ರ ಹೊತ್ತಿಗೆ ಶುರುವಾಯಿತು, ಅದು ಇನ್ನೂ ರೈತರ ಗದ್ದೆ ತಲುಪಿಲ್ಲ.

ನನಗೆ ತುಂಬಾ ಹಿಡಿಸಿದ್ದು 2016ರ ಕೆಲಸ. ಬಿಸಿಲು ಜಾಸ್ತಿಯಾದಾಗ ಎಲೆ ತನಗೆ ತಾನೇ ಕೊಡೆ ಹಿಡಿಯುತ್ತದೆ, ಅಂದರೆ ಹೆಚ್ಚಿನ ಬೆಳಕನ್ನು ಶಾಖವಾಗಿ ಹೊರಗೆ ಬಿಡುತ್ತದೆ. ಇಲ್ಲದಿದ್ದರೆ ಒಳಗಿನ ಯಂತ್ರ ಹಾಳಾಗುತ್ತದೆ. ಆದರೆ ಮೋಡ ಬಂದ ಮೇಲೂ ಕೊಡೆ ಮಡಚಲು ಅದಕ್ಕೆ ನಿಮಿಷಗಟ್ಟಲೆ ಬೇಕು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಅಷ್ಟು ಹೊತ್ತು ಇರುವ ಸ್ವಲ್ಪ ಬೆಳಕೂ ಸುಮ್ನೆ ಹೋಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ತಂಡ ಮೂರು ಜೀನ್‌ಗಳ ಕೆಲಸ ಹೆಚ್ಚಿಸಿ ಕೊಡೆ ಬೇಗ ಮಡಚುವಂತೆ ಮಾಡಿತು. ಹೊಲದಲ್ಲಿ ಗಿಡದ ತೂಕ ಸುಮಾರು ಶೇ. 15 ಹೆಚ್ಚಿತು. ಗಿಡ ಯಾವುದು? ತಂಬಾಕು. ಜೀನ್ ಸೇರಿಸಲು ಅದು ಸುಲಭ. ಆ ಶೇ. 40ರ ಸುದ್ದಿ 2019ರದ್ದು, ರುಬಿಸ್ಕೊ ತಪ್ಪಿನಿಂದಾಗುವ ನಷ್ಟಕ್ಕೆ ಒಳದಾರಿ ಮಾಡಿಕೊಟ್ಟ ಪ್ರಯೋಗ. ಅದೂ ತಂಬಾಕೇ, ಅದೂ ಗಿಡದ ತೂಕ, ಭತ್ತದ ಕಾಳಲ್ಲ.

2022ರಲ್ಲಿ ಅದೇ ಮೂರು ಜೀನ್ ಸೋಯಾಬೀನ್‌ನಲ್ಲಿ ಪ್ರಯೋಗದ ಮೊದಲ ವರ್ಷ ಇಳುವರಿಯನ್ನು ಶೇ. 33ರವರೆಗೂ ಹೆಚ್ಚಿಸಿದ್ದು ವರದಿಯಾಯಿತು. ಪ್ರಯೋಗದ ಎರಡನೇ ವರ್ಷ ಬಿರುಗಾಳಿಗೆ ಬೆಳೆ ಮಲಗಿತು, ಲಾಭ ಕಾಣಲಿಲ್ಲ. ಅರಾಬಿಡಾಪ್ಸಿಸ್ ಅನ್ನುವ ಪ್ರಯೋಗದ ಗಿಡದಲ್ಲಿ ಅದೇ ಜೀನ್‌ಗಳಿಂದ ಬೆಳವಣಿಗೆ ಹೆಚ್ಚಲೇ ಇಲ್ಲ. ಒಂದು ಗಿಡದಲ್ಲಿ ಆದದ್ದನ್ನು ಎಲ್ಲ ಬೆಳೆಗೂ ಹಚ್ಚಿ ಹೇಳುವ ಅವಸರ ನನಗೆ ಸರಿ ಕಾಣುವುದಿಲ್ಲ.

ನಮ್ಮಲ್ಲಿ ಗೋಜಲು ಇನ್ನೂ ಜಾಸ್ತಿ. ಇಲ್ಲಿ ಜೀನ್ ಅಂದ ಕೂಡಲೇ ಬದನೆ ನೆನಪಾಗುತ್ತದೆ. ಹುಳ ತಡೆಯುವ ಬಿಟಿ ಜೀನ್ (ಬ್ಯಾಕ್ಟೀರಿಯಾದಿಂದ ತಂದದ್ದು) ಸೇರಿಸಲು ಆರಿಸಿದ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳ ಅನ್ನುವ ದುಂಡು ಬದನೆಯೂ ಇತ್ತು, 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳ ಬೆಳೆಯುವವರಿಗೆ ಆಗ ಹುಟ್ಟಿದ ಅಳುಕು ಸುಳ್ಳಲ್ಲ, ಅದನ್ನು ಅಜ್ಞಾನ ಅಂತ ತಳ್ಳಿಹಾಕಬಾರದು. 2025ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಪ್ರಕಟವಾದ ಎರಡು ಜೀನೋಮ್ ತಿದ್ದಿದ ಭತ್ತಗಳ ದಾರಿ ಬೇರೆ, ಬೇರೆ ಜೀವಿಯ ಜೀನ್ ಅದರಲ್ಲಿಲ್ಲ. ಅವುಗಳ ಗುರಿ ಕಾಳಿನ ಸಂಖ್ಯೆ, ಬರ, ಉಪ್ಪು. ಎಲೆಯ ಕೊಡೆಯ ಮಾತು ಅಲ್ಲಿ ಇಲ್ಲ.

ಹಾಗಂತ ಭತ್ತಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಭತ್ತದ ಎರಡು ಮುಖ್ಯ ಬಗೆಗಳಲ್ಲಿ ಜಪೋನಿಕಾದ ಕೊಡೆ ಇಂಡಿಕಾಕ್ಕಿಂತ ದೊಡ್ಡದು ಎಂದು, ಅದಕ್ಕೆ ಕಾರಣವಾದ ಜೀನ್ ಸಮೇತ, 2011ರಲ್ಲೇ ತೋರಿಸಿದ್ದಾರೆ. ಅಂದರೆ ಭತ್ತದೊಳಗೇ ವ್ಯತ್ಯಾಸ ಇದೆ. ಅದನ್ನು ಅಳೆಯುವ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಎಲೆಗೆ ಕ್ಲಿಪ್ಪಿನ ಹಾಗೆ ಸಿಕ್ಕಿಸುತ್ತಾರೆ, ಕೊಡೆ ಮಡಚಲು ಎಷ್ಟು ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಆಟಿಯ ಒಂದೇ ದಿನ, ಒಂದೇ ಮೋಡದ ಕೆಳಗೆ, ನಮ್ಮ ಹಳೆಯ ಕಯಮೆ, ಕಜೆ ತಳಿಗಳ ಎಲೆಗೂ ಎಂಒ4 ಅನ್ನುವ ಸುಧಾರಿತ ತಳಿಯ ಎಲೆಗೂ ಅದನ್ನು ಸಿಕ್ಕಿಸಿ ನೋಡಬೇಕು ಅಂತ ನನ್ನ ಆಸೆ.