ಖಾಲಿ ರಸ್ತೆಗೆ ಹಸಿರು ದೀಪ ಯಾಕೆ?

ಮೊನ್ನೆ ರಾತ್ರಿ ಹತ್ತೂವರೆಗೆ ಹಾಸನದ ಒಂದು ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದೆ ಹತ್ತು ಹನ್ನೆರಡು ಗಾಡಿ. ಅಡ್ಡರಸ್ತೆಗೆ ಹಸಿರು ದೀಪ, ಅಲ್ಲಿ ಒಂದು ಸೈಕಲ್ಲೂ ಇಲ್ಲ. ‘ಸಿಗ್ನಲ್ ಹಾಕಿದ ಮೇಲೇ ಟ್ರಾಫಿಕ್ ಜಾಸ್ತಿ ಆಯ್ತು’ ಅಂತ ಜನ ಬೈಯುವುದು ಇದಕ್ಕೇ ಅಲ್ವಾ? ಆದರೆ ತಪ್ಪು ದೀಪದ್ದಲ್ಲ. ಅದಕ್ಕೆ ಕಣ್ಣಿಲ್ಲ, ಅಷ್ಟೆ. ಹಾಸನಾಂಬೆ ಗುಡಿಯ ಬಾಗಿಲು ತೆರೆದ ದಿನವೂ ಮಾಮೂಲಿ ಮಂಗಳವಾರವೂ ಅದಕ್ಕೆ ಒಂದೇ.

ಮೊದಲು ಕಣ್ಣಿತ್ತು! 1868ರಲ್ಲಿ ಲಂಡನ್‌ನ ಪಾರ್ಲಿಮೆಂಟ್ ಬಳಿ ಗ್ಯಾಸ್ ದೀಪದ ಸಿಗ್ನಲ್ ನಿಲ್ಲಿಸಿದರು. ರೂಪಿಸಿದವರು ರೈಲ್ವೆ ಎಂಜಿನಿಯರ್ ಜೆ.ಪಿ. ನೈಟ್. ಪೊಲೀಸರೊಬ್ಬರು ರಸ್ತೆ ನೋಡಿ ಕೈಯಿಂದಲೇ ಅದನ್ನು ತಿರುಗಿಸಬೇಕಿತ್ತು. ಕೆಲವೇ ವಾರದಲ್ಲಿ ಗ್ಯಾಸ್ ಸೋರಿ ಸಿಡಿಯಿತು, ಪೊಲೀಸರಿಗೆ ಗಾಯವಾಯಿತು. ಮುಂದೆ ಕರೆಂಟು, ಟೈಮರ್ ಬಂದವು. ಕೈಕೆಲಸ ತಪ್ಪಿತು, ಅದರ ಜೊತೆಗೆ ಕಣ್ಣೂ ಹೋಯಿತು.

ದಟ್ಟಣೆ ನೋಡಿ ಹೊಂದಿಕೊಳ್ಳುವ ಸಿಗ್ನಲ್ ಆ ಕಣ್ಣನ್ನು ವಾಪಸ್ ಕೊಡುತ್ತದೆ. ರಸ್ತೆಯೊಳಗೆ ಹೂತ ತಂತಿಯ ಸುರುಳಿ ತನ್ನ ಮೇಲೆ ಹೋಗುವ ಗಾಡಿಯ ಲೋಹವನ್ನು ಗುರುತಿಸುತ್ತದೆ. ಬ್ರಿಟನ್‌ನ ಸ್ಕೂಟ್, ಸಿಡ್ನಿಯ ಸ್ಕ್ಯಾಟ್ಸ್ ಎಂಬ ಸಿಗ್ನಲ್ ವ್ಯವಸ್ಥೆಗಳು ಬೆಳೆದದ್ದು ಹೀಗೆ. ನಮ್ಮಲ್ಲಿ ಸಾಲು ಹಿಡಿದು ಹೋಗುವವರು ಕಡಿಮೆ, ಹಾಗಾಗಿ ಸುರುಳಿಗಿಂತ ಕ್ಯಾಮೆರಾ ಹೆಚ್ಚು ಅನುಕೂಲ.

ಇನ್ನು ನನಗೆ ತುಂಬ ಇಷ್ಟವಾದ ಲೆಕ್ಕ. ದೀಪ ಬೇಗ ಬೇಗ ಬದಲಾದರೆ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಹೋಟೆಲಿನ ದೋಸೆ ಕಾವಲಿ ನೋಡಿ. ಪ್ರತಿ ಸಲವೂ ನೀರು ಚಿಮುಕಿಸಿ, ಗುಡಿಸಿ, ಆಮೇಲೆ ಹಿಟ್ಟು. ಗಿರಾಕಿ ತುಂಬಿದಾಗ ಎರಡೆರಡೇ ದೋಸೆ ಹುಯ್ದರೆ ಗುಡಿಸುವುದರಲ್ಲೇ ಹೊತ್ತು ಹೋಗುತ್ತದೆ. ದೀಪ ಬದಲಾದಾಗಲೂ ಹಾಗೇ: ಒಂದು ಕಡೆಯವರು ನಿಲ್ಲಬೇಕು, ಇನ್ನೊಂದು ಕಡೆಯವರು ಗೇರ್ ಹಾಕಿ ಹೊರಡಬೇಕು. ಸುಮಾರು 4 ಸೆಕೆಂಡ್ ನಷ್ಟ ಅಂತಿಟ್ಟುಕೊಳ್ಳಿ. ನಾಲ್ಕು ರಸ್ತೆಗೆ 16 ಆಯಿತು. ನಾಲ್ಕೂ ರಸ್ತೆಗೆ ಒಂದೊಂದು ಸಲ ಹಸಿರು ಬಂದರೆ ಒಂದು ಸುತ್ತು. 60 ಸೆಕೆಂಡಿನ ಸುತ್ತಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು! ಸುತ್ತು 120 ಸೆಕೆಂಡ್ ಆದರೆ ಹೋಗುವುದು ಶೇಕಡಾ 13 ಮಾತ್ರ. ಆದರೆ ರಾತ್ರಿ ಹತ್ತೂವರೆಗೆ ಅಷ್ಟುದ್ದದ ಸುತ್ತು ಇಟ್ಟರೆ ಎಲ್ಲರೂ ಸುಮ್ನೆ ಕಾಯಬೇಕು. ಎಷ್ಟು ಗಾಡಿಗೆ ಎಷ್ಟು ಉದ್ದದ ಸುತ್ತು ಅಂತ ಬ್ರಿಟನ್‌ನ ಸಂಶೋಧಕ ವೆಬ್‌ಸ್ಟರ್ 1958ರಲ್ಲೇ ಸೂತ್ರ ಕೊಟ್ಟರು. ಕಣ್ಣಿರುವ ಸಿಗ್ನಲ್ ಸುತ್ತಿನ ಉದ್ದವನ್ನು ದಿನವಿಡೀ ತಿದ್ದುತ್ತಲೇ ಇರುತ್ತದೆ.

ಅದು ಹೊಸ ರಸ್ತೆಯನ್ನಂತೂ ಹುಟ್ಟಿಸುವುದಿಲ್ಲ. ಒಂದು ಕಡೆ ಉಳಿದ ಸೆಕೆಂಡನ್ನು ಇನ್ನೊಂದು ಕಡೆಗೆ ಕೊಡುತ್ತದೆ. ನಾಲ್ಕೂ ಕಡೆ ತುಂಬಿದರೆ ಕೊಡಲು ಏನೂ ಉಳಿದಿರುವುದಿಲ್ಲ. ಆಗ ಮಾಡುವುದೇ ಬೇರೆ. ಗರ್ಭಗುಡಿ ಮುಂದೆ ನೂಕುನುಗ್ಗಲಾಗದಂತೆ ಹೊರಗಿನ ಬ್ಯಾರಿಕೇಡ್‌ನಲ್ಲೇ ಸಾಲು ತಡೆಯುತ್ತಾರಲ್ಲ, ಹಾಗೆಯೇ ಊರಂಚಿನ ಸಿಗ್ನಲ್‌ನಲ್ಲೇ ಕೆಂಪು ದೀಪ ಸ್ವಲ್ಪ ಹೆಚ್ಚು ಹೊತ್ತು ಉರಿಯುತ್ತದೆ.